ಹೆಂಪ್ ಗೋಡೆ ಭಾರ ಹೊರುವುದಿಲ್ಲ

(ಹಳೆಯ ಮನೆಗಳ ದುರಸ್ತಿಯಲ್ಲಿ ಆಸಕ್ತಿ ಇರುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ; ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂದಿನ ವಿಷಯ ಹೆಂಪ್ ಗಿಡದ ದಂಟನ್ನು ಸುಣ್ಣದಲ್ಲಿ ಕಲಸಿ ಕಟ್ಟುವ ಗೋಡೆ. ಇದನ್ನು ಕೇಳಿದ ಕೂಡಲೇ ಹಲವರಿಗೆ ನಗು ಬರುತ್ತದೆ. ಗಾಂಜಾ ಗಿಡದಿಂದ ಮನೆ ಕಟ್ಟುತ್ತಾರೆಯೇ, ಅಂಥ ಮನೆಗೆ ಬೆಂಕಿ ಬಿದ್ದರೆ ಬೀದಿಯವರಿಗೆಲ್ಲ ಅಮಲೇರುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಈ ಮಾತನ್ನು ಮೊದಲೇ ಮುಗಿಸಿ ಮುಂದೆ ಹೋಗೋಣ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಗಾಂಜಾ, ಹೆಂಪ್ ಎರಡೂ ಒಂದೇ, ಕ್ಯಾನಬಿಸ್ ಸಟೈವಾ. ಆದರೆ ನಾರಿಗೆಂದು ಬೆಳೆಯುವ ತಳಿಗಳಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ಅಂಶ ಇದ್ದೂ ಇಲ್ಲದಷ್ಟು ಕಡಿಮೆ. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಈಗ ಅದರ ಮಿತಿ ಶೇಕಡಾ 0.3. ಅಲ್ಲದೆ ಮನೆ ಕಟ್ಟಲು ಬೇಕಾದದ್ದು ದಂಟು. ಹೂವೂ ಅಲ್ಲ, ಎಲೆಯೂ ಅಲ್ಲ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು ಬೇರೆ ಗಿಡ, ಗೋಣಿಚೀಲದ ಸೆಣಬು ಇನ್ನೊಂದು ಗಿಡ. ಗೊಂದಲವಾಗದಿರಲಿ ಎಂದು ಇಲ್ಲಿ ಹೆಂಪ್ ಎಂದೇ ಕರೆಯುತ್ತೇನೆ.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಒಪ್ಪದವರು ಕೊನೆಯಲ್ಲಿ ಜಗಳವಾಡಬಹುದು. ಹೆಂಪ್ ಮನೆ ಎಂದು ಹೊಗಳಿಸಿಕೊಳ್ಳುತ್ತಿರುವುದು ಮುಖ್ಯವಾಗಿ ಸುಣ್ಣದ ಮನೆ. ಅದರ ನಿಜವಾದ ಬೆಲೆ ಹೊಸ ಮನೆಗಳಿಗಿಂತ ಹಳೆಯ ಮನೆಗಳ ದುರಸ್ತಿಯಲ್ಲಿ ಹೆಚ್ಚು.

ಮೊದಲು ಗಿಡ. ಹೆಂಪ್ ಬಿತ್ತಿದ ಸುಮಾರು ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಅಷ್ಟರಲ್ಲಿ ಎರಡರಿಂದ ನಾಲ್ಕು ಮೀಟರ್ ಎತ್ತರ ಬೆಳೆದಿರುತ್ತದೆ. ಒತ್ತಾಗಿ ಬಿತ್ತುವುದರಿಂದ ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಕಳೆ ತಲೆಯೆತ್ತುವುದಿಲ್ಲ. ಕೊಯ್ದ ದಂಟನ್ನು ಕೆಲವು ವಾರ ಹೊಲದಲ್ಲಿಯೇ ಇಬ್ಬನಿಗೂ ಮಳೆಗೂ ಬಿಟ್ಟು ಹದವಾಗಿ ಕೊಳೆಸುತ್ತಾರೆ. ಆಗ ಹೊರಗಿನ ನಾರು ಒಳಗಿನ ತಿರುಳಿನಿಂದ ಸಡಿಲವಾಗುತ್ತದೆ. ಆಮೇಲೆ ಯಂತ್ರಕ್ಕೆ ಕೊಟ್ಟು ಎರಡನ್ನೂ ಬೇರ್ಪಡಿಸುತ್ತಾರೆ. ನಾರಿಗೆ ಒಳ್ಳೆಯ ಬೆಲೆ: ಹಗ್ಗ, ಬಟ್ಟೆ, ಸಿಗರೇಟಿನ ತೆಳು ಕಾಗದ, ಈಗ ಕಾರಿನ ಬಾಗಿಲಿನ ಒಳಹಲಗೆ. ತಿರುಳು ತೂಕದಲ್ಲಿ ದಂಟಿನ ಅರ್ಧಕ್ಕಿಂತ ಹೆಚ್ಚಾದರೂ ಬಹಳ ಕಾಲ ಕುದುರೆ ಲಾಯದ ಹಾಸಿಗೆ ಬಿಟ್ಟರೆ ಬೇರೆ ಉಪಯೋಗ ಕಂಡಿರಲಿಲ್ಲ. ಕಟ್ಟಡದವರ ಕಣ್ಣು ಬಿದ್ದದ್ದು ಚೂರು ಮಾಡಿ ಹಾಸುತ್ತಿದ್ದ ಈ ತಿರುಳಿನ ಮೇಲೆ. ಒಂದೆರಡು ಸೆಂಟಿಮೀಟರಿನ ಈ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದ ಕೊಳವೆಗಳ ಕಟ್ಟು ಕಾಣುತ್ತದೆ. ಕೊಳವೆಗಳ ತುಂಬ ಗಾಳಿ. ಶಾಖವನ್ನು ತಡೆಯುವುದು ಆ ಗಾಳಿ.

ಈ ಬಳಕೆ ಶುರುವಾದದ್ದು ಫ್ರಾನ್ಸಿನ ಷಾಂಪೇನ್ ಸೀಮೆಯಲ್ಲಿ. ಅದಕ್ಕೆ ಎರಡು ಕಾರಣಗಳಿವೆ. ಬೇರೆ ದೇಶಗಳು ಹೆಂಪ್ ಬೆಳೆಯನ್ನು ನಿಷೇಧಿಸಿದ್ದ ಕಾಲದಲ್ಲಿಯೂ ಫ್ರಾನ್ಸಿನಲ್ಲಿ ಕಾಗದಕ್ಕಾಗಿ ಅದರ ಬೇಸಾಯ ನಿಂತಿರಲಿಲ್ಲ. ಆ ಸೀಮೆಯ ಓಬ್ ಜಿಲ್ಲೆಯ ರೈತರು 1973ರಲ್ಲಿ ಹೆಂಪ್ ಸಂಸ್ಕರಣೆಗೆಂದೇ ಸಹಕಾರ ಸಂಘ ಕಟ್ಟಿಕೊಂಡರು. ಇಂದಿಗೂ ಯುರೋಪ್ ಒಕ್ಕೂಟದ ಹೆಂಪ್ ಉತ್ಪಾದನೆಯಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಫ್ರಾನ್ಸಿನದೇ. ಎರಡನೆಯ ಕಾರಣ ಅಲ್ಲಿನ ಮನೆಗಳು. ಟ್ರುವಾ ಪಟ್ಟಣದ ಹಳೆಯ ಬೀದಿಗಳಲ್ಲಿ ಇರುವುದೆಲ್ಲ ಮರದ ಚೌಕಟ್ಟಿನ ಮನೆಗಳು. ಓಕ್ ಮರದ ಕಂಬ, ತೊಲೆ, ಓರೆ ಆಧಾರಗಳು. ನಡುವಿನ ಖಾಲಿ ಜಾಗದಲ್ಲಿ ಕಡ್ಡಿಯ ತಡಿಕೆಗೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿದ ಗೋಡೆ. ನಮ್ಮ ಕಡೆ ತಡಿಕೆ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇಂಥ ಮನೆಗಳನ್ನು ಸಿಮೆಂಟಿನಿಂದ ದುರಸ್ತಿ ಮಾಡಿದರು. ಮಣ್ಣು ತೆಗೆದು ಸಿಮೆಂಟ್ ತುಂಬಿದರು, ಮೇಲೆ ಸಿಮೆಂಟ್ ಗಿಲಾವು ಬಳಿದರು. ಮರ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಹಾಗಲ್ಲ. ನಡುವೆ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಒಳಹೊಕ್ಕ ಮಳೆನೀರಿಗೆ ಆರಿಹೋಗಲು ದಾರಿಯಿಲ್ಲ. ಮುನ್ನೂರು ನಾನೂರು ವರ್ಷ ಬಾಳಿದ ಓಕ್ ತೊಲೆಗಳು ಕೆಲವೇ ದಶಕಗಳಲ್ಲಿ ಒಳಗಿಂದ ಕೊಳೆತವು. ಮರದೊಂದಿಗೆ ಹೊಂದಿಕೊಳ್ಳುವ, ಹಗುರವಾದ, ತೇವವನ್ನು ಒಳಗೆ ಕಟ್ಟಿಹಾಕದ ವಸ್ತು ಬೇಕಾಗಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ನೊಜಾಂ-ಸ್ಯೂರ್-ಸೇನ್ ಎಂಬ ಊರಿನ ಹಳೆಯ ಮನೆಯೊಂದರ ದುರಸ್ತಿಯಲ್ಲಿ ಶಾರ್ಲ್ ರಾಸೆತ್ತಿ ಎಂಬವರು ಹೆಂಪ್ ಚೂರನ್ನು ಸುಣ್ಣದಲ್ಲಿ ಕಲಸಿ ಆ ಖಾಲಿ ಜಾಗಗಳಿಗೆ ತುಂಬಿದರು. ಈಗ ಜಗತ್ತು ಹೆಂಪ್‌ಕ್ರೀಟ್ ಎಂದು ಕರೆಯುತ್ತಿರುವುದು ಇದನ್ನೇ. ಗಮನಿಸಿ, ಅದು ಹುಟ್ಟಿದ್ದೇ ದುರಸ್ತಿ ಕೆಲಸದಲ್ಲಿ. ಹೊಸ ಮನೆಗಳಿಗೆ ಅದು ಹೋದದ್ದು ಆಮೇಲೆ.

ಕ್ರೀಟ್ ಎಂಬ ಬಾಲದಿಂದ ಒಂದು ದೊಡ್ಡ ತಪ್ಪುಕಲ್ಪನೆ ಹಬ್ಬಿದೆ. ಇದು ಕಾಂಕ್ರೀಟ್ ಅಲ್ಲ. ನಾವು ಮನೆಗೆ ಬಳಸುವ ಸಾಮಾನ್ಯ ಕಾಂಕ್ರೀಟ್ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯುತ್ತದೆ. ಹೆಂಪ್ ಗೋಡೆ ತಡೆಯುವುದು ಒಂದು ನ್ಯೂಟನ್ನಿಗಿಂತ ಕಡಿಮೆ, ಹಲವು ಸಲ ಅದರ ಅರ್ಧವೂ ಇಲ್ಲ. ಕಾಂಕ್ರೀಟಿನ ಒಂದು ಘನ ಮೀಟರ್ ಸುಮಾರು 2,400 ಕಿಲೋ ತೂಗಿದರೆ ಇದು ಒಣಗಿದ ಮೇಲೆ 300ರಿಂದ 350 ಕಿಲೋ. ಮಾಳಿಗೆಯ ಭಾರ, ಮಹಡಿಯ ಭಾರ ಎಲ್ಲವನ್ನೂ ಮರದ ಚೌಕಟ್ಟೋ ಕಾಂಕ್ರೀಟ್ ಕಂಬವೋ ಹೊರಬೇಕು. ಹೆಂಪ್ ಆ ಅಸ್ಥಿಪಂಜರಕ್ಕೆ ಹೊದಿಸಿದ ದಪ್ಪ ಕಂಬಳಿ, ಅಷ್ಟೇ. ‘ಕಾಂಕ್ರೀಟಿಗೆ ಪರ್ಯಾಯ’ ಎಂದು ಯಾರಾದರೂ ಮಾರಲು ಬಂದರೆ ಅವರಿಗೆ ಕಟ್ಟಡ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲವೆಂದು ಅವರು ಭಾವಿಸಿದ್ದಾರೆ.

ಇನ್ನು ಕಲಸುವ ಲೆಕ್ಕ. ಒಂದು ಘನ ಮೀಟರ್ ಗೋಡೆಗೆ ಸುಮಾರು 100 ಕಿಲೋ ಹೆಂಪ್ ಚೂರು, ಅದರ ಎರಡು ಪಟ್ಟು ಸುಣ್ಣ, 300 ಲೀಟರಿನಷ್ಟು ನೀರು. ಈ ಲೆಕ್ಕವನ್ನು ಎರಡು ಸಲ ನೋಡಿ. ತೂಕದಲ್ಲಿ ಸುಣ್ಣ ಹೆಂಪಿನ ಇಮ್ಮಡಿ. ಹೆಸರು ಮಾತ್ರ ಹೆಂಪಿನದು. ನಮ್ಮಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಮೊದಲು ವಿಚಾರಿಸಬೇಕಾದದ್ದು ಒಳ್ಳೆಯ ಸುಣ್ಣ ಎಲ್ಲಿ ಸಿಗುತ್ತದೆ, ಅದನ್ನು ಅರಳಿಸಿ ಹದ ಮಾಡಬಲ್ಲ ಕೈಗಳು ಎಲ್ಲಿವೆ ಎಂಬುದನ್ನು. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಬಯಲುಸೀಮೆಯಲ್ಲಿ ಗಾಣದಲ್ಲಿ ಗಾರೆ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ಆ ಗಾರೆಯ ಕೈಗಳು ನಮ್ಮಲ್ಲಿ ಹೆಚ್ಚು ಉಳಿದಿಲ್ಲ. ಹೆಂಪಿನ ಕೊರತೆಗಿಂತ ಇದು ದೊಡ್ಡ ಕೊರತೆ ಎಂದು ನನ್ನ ಎಣಿಕೆ.

ಸಿಮೆಂಟನ್ನೇ ಏಕೆ ಬಳಸಬಾರದು ಎಂದು ಕೇಳಬಹುದು. ಹೆಂಪ್ ತಿರುಳಿನಲ್ಲಿ ಸಕ್ಕರೆಯ ಅಂಶಗಳಿವೆ, ಅವು ಸಿಮೆಂಟ್ ಗಟ್ಟಿಯಾಗುವುದನ್ನು ಕೆಡಿಸುತ್ತವೆ. ಜೊತೆಗೆ ಸಿಮೆಂಟಿನ ಗೋಡೆ ತೇವವನ್ನು ಹೊರಬಿಡುವುದಿಲ್ಲ, ಟ್ರುವಾದ ಕಥೆಯೇ ಮತ್ತೆ ಶುರುವಾಗುತ್ತದೆ. ಸಾಮಾನ್ಯವಾಗಿ ಬಳಸುವುದು ನೀರಿನಿಂದಲೇ ಸ್ವಲ್ಪ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ, ಇಲ್ಲವೇ ಅರಳಿಸಿದ ಸುಣ್ಣಕ್ಕೆ ಪೊಜೊಲಾನಾ ಪುಡಿ (ಸುಣ್ಣದೊಂದಿಗೆ ಸೇರಿ ಗಟ್ಟಿಯಾಗುವ, ಜ್ವಾಲಾಮುಖಿ ಬೂದಿಯಂಥ ಪುಡಿ) ಸೇರಿಸಿದ ಮಿಶ್ರಣ. ಕಲಸುವಾಗ ಎಚ್ಚರ ಬೇಕಾದದ್ದು ನೀರಿನ ವಿಷಯದಲ್ಲಿ. ಹೆಂಪ್ ಚೂರು ತನ್ನ ತೂಕದ ಎರಡು ಮೂರು ಪಟ್ಟು ನೀರನ್ನು ಹೀರಿಕೊಳ್ಳುತ್ತದೆ. ನೀರು ಕಡಿಮೆಯಾದರೆ ಅದು ಸುಣ್ಣಕ್ಕೆ ಸೇರಬೇಕಾದ ನೀರನ್ನೂ ಕಸಿದುಕೊಳ್ಳುತ್ತದೆ. ಗೋಡೆ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಬೆರಳಿನಿಂದ ಕೆರೆದರೆ ಒಳಗಿಂದ ಪುಡಿ ಉದುರುತ್ತದೆ. ನೀರು ಹೆಚ್ಚಾದರೆ ಒಣಗುವುದಿಲ್ಲ. ಹದ ತಿಳಿಯಲು ಮಿಶ್ರಣವನ್ನು ಹಿಡಿಯಲ್ಲಿ ಒತ್ತಿ ನೋಡುತ್ತಾರೆ. ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ಕೈಗವಸು ಹಾಕಿಕೊಂಡು ನೋಡಿ. ಸುಣ್ಣ ಕೈಯನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ.

ಗೋಡೆ ಎಬ್ಬಿಸುವ ಕ್ರಮ ಸರಳ. ಮರದ ಚೌಕಟ್ಟಿನ ಎರಡೂ ಕಡೆ ಹಲಗೆ ಕಟ್ಟಿ, ಸುಮಾರು ಅರವತ್ತು ಸೆಂಟಿಮೀಟರ್ ಎತ್ತರದವರೆಗೆ ಪದರ ಪದರವಾಗಿ ಮಿಶ್ರಣ ಸುರಿದು, ಅಂಚುಗಳಲ್ಲಿ ಮಾತ್ರ ಮೆಲ್ಲಗೆ ಒತ್ತುತ್ತಾರೆ. ಕಾಂಕ್ರೀಟಿನಂತೆ ವೈಬ್ರೇಟರ್ ಹಾಕಿ ದಟ್ಟ ಮಾಡಿದರೆ ಒಳಗಿನ ಗಾಳಿಯೇ ಹೊರಟುಹೋಗಿ ಇಡೀ ಕೆಲಸ ವ್ಯರ್ಥವಾಗುತ್ತದೆ. ನಮ್ಮ ಮೇಸ್ತ್ರಿಗಳಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ, ಏಕೆಂದರೆ ಬಿಗಿಯಾಗಿ ತುಂಬುವುದೇ ಒಳ್ಳೆಯ ಕೆಲಸದ ಗುರುತು ಎಂದು ಅವರು ಕಲಿತಿದ್ದಾರೆ. ಹಲಗೆಯನ್ನು ಮರುದಿನವೇ ಬಿಚ್ಚಿ ಮೇಲಕ್ಕೆ ಕಟ್ಟುತ್ತಾ ಹೋಗುತ್ತಾರೆ, ಒಣಗಲು ಗಾಳಿ ಬೇಕಲ್ಲ.

ಆ ಒಣಗುವಿಕೆಯೇ ಈ ಕಸುಬಿನ ನಿಜವಾದ ಪರೀಕ್ಷೆ. ಘನ ಮೀಟರಿಗೆ ಸುರಿದ 300 ಲೀಟರ್ ನೀರಿನಲ್ಲಿ ಬಹುಪಾಲು ಗೋಡೆಯಿಂದ ಹೊರಗೆ ಹೋಗಬೇಕು. ಮೂವತ್ತು ಸೆಂಟಿಮೀಟರ್ ದಪ್ಪದ ಗೋಡೆಗೆ ಒಳ್ಳೆಯ ಹವೆಯಲ್ಲಿ ಒಂದೂವರೆ ಎರಡು ತಿಂಗಳು ಬೇಕು; ಚಳಿಗಾಲದಲ್ಲಿಯೋ ಮಳೆಗಾಲದಲ್ಲಿಯೋ ಸುರಿದರೆ ಅದಕ್ಕಿಂತ ಎಷ್ಟೋ ಹೆಚ್ಚು. ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡು ಅವಸರದಲ್ಲಿ ಗಿಲಾವು ಮುಗಿಸಿ ಬಣ್ಣ ಬಳಿದರೆ ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ಬಳಿಯುವ ಬಣ್ಣವೂ ಸುಣ್ಣದ್ದೇ ಆಗಿರಬೇಕು. ಪ್ಲಾಸ್ಟಿಕ್ ಅಂಶದ ಎಮಲ್ಷನ್ ಬಳಿದರೆ ಅಷ್ಟೂ ಶ್ರಮ ಒಂದು ಡಬ್ಬಿ ಬಣ್ಣಕ್ಕೆ ಬಲಿ. ಈ ತಾಪತ್ರಯವೇ ಬೇಡವೆಂದು ಈಗ ಕಾರ್ಖಾನೆಯಲ್ಲಿ ಒಣಗಿಸಿದ ಹೆಂಪ್ ಬ್ಲಾಕ್‌ಗಳನ್ನು ಮಾಡುತ್ತಾರೆ. ಪ್ಯಾರಿಸ್ ಬಳಿಯ ಕ್ರ್ವಾಸಿ-ಬೋಬೂರ್ ಎಂಬಲ್ಲಿ 2021ರಲ್ಲಿ ಇಂಥ ಬ್ಲಾಕ್‌ಗಳಿಂದಲೇ ಒಂದು ಒಳಾಂಗಣ ಕ್ರೀಡಾಂಗಣ ಎದ್ದಿದೆ. ಚೌಕಟ್ಟಿಗೆ ಯಂತ್ರದಿಂದ ಎರಚುವ ವಿಧಾನವೂ ಇದೆ, ಅದಕ್ಕೆ ನೀರು ಕಡಿಮೆ ಸಾಕು.

ಇಷ್ಟು ಕಷ್ಟಪಟ್ಟರೆ ಸಿಗುವುದೇನು? ಶಾಖ ತಡೆಯುವ ಗುಣ. ಇದನ್ನು ಉಷ್ಣವಾಹಕತೆಯಿಂದ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ತಡೆ ಹೆಚ್ಚು. ಹೆಂಪ್ ಗೋಡೆಯದು 0.07ರಿಂದ 0.09ರ ಆಸುಪಾಸು, ಸುಟ್ಟ ಇಟ್ಟಿಗೆಯದು 0.6ರಿಂದ 0.8. ಅಂದರೆ ಅಷ್ಟೇ ದಪ್ಪದ ಇಟ್ಟಿಗೆ ಗೋಡೆಗಿಂತ ಸುಮಾರು ಎಂಟು ಪಟ್ಟು ಹೆಚ್ಚು ತಡೆಯುತ್ತದೆ. ಶಾಖ ತಡೆಗೆಂದು ಗಾಜಿನ ಎಳೆಗಳಿಂದ ಮಾಡುವ ಗಾಜಿನ ಉಣ್ಣೆಯದು 0.04ರ ಒಳಗೆ. ಆ ಒಂದು ಲೆಕ್ಕದಲ್ಲಿ ಹೆಂಪ್ ಗಾಜಿನ ಉಣ್ಣೆಯ ಅರ್ಧಕ್ಕಷ್ಟೇ ಸಮ. ಇದನ್ನು ಹೇಳದೆ ಮುಚ್ಚಿಡುವವರು ಬಹಳ ಮಂದಿ. ಆದರೆ ಗಾಜಿನ ಉಣ್ಣೆ ತೇವವನ್ನು ನಿಭಾಯಿಸಲಾರದು. ಹೆಂಪ್ ಗೋಡೆ ಅಡುಗೆಮನೆಯ ಹಬೆ, ಸ್ನಾನದ ಹಬೆ, ಜನರ ಉಸಿರು ಎಲ್ಲವನ್ನೂ ಹೀರಿಟ್ಟುಕೊಂಡು, ಗಾಳಿ ಒಣಗಿದಾಗ ಮರಳಿ ಬಿಡುತ್ತದೆ. ಹೀಗೆ ತೇವವನ್ನು ತೆಗೆದುಕೊಳ್ಳುವ ಮತ್ತು ಬಿಡುವ ಸಾಮರ್ಥ್ಯದ ಅಳತೆಯಲ್ಲಿ ಅದು ‘ಅತ್ಯುತ್ತಮ’ ದರ್ಜೆಯದು. ಜೊತೆಗೆ ಗೋಡೆಗೆ ಸಾಕಷ್ಟು ತೂಕವಿರುವುದರಿಂದ ಹಗಲಿನ ಬಿಸಿ ತಡವಾಗಿ ಒಳಗೆ ಬರುತ್ತದೆ.

ಇಂಗ್ಲೆಂಡಿನ ಸಫಕ್ ಪ್ರಾಂತ್ಯದ ಹೇವರ್‌ಹಿಲ್ ಎಂಬ ಊರಿನಲ್ಲಿ 2001ರಲ್ಲಿ ಒಂದು ವಸತಿ ಸಂಸ್ಥೆ ಒಳ್ಳೆಯ ಪ್ರಯೋಗ ಮಾಡಿತು. ಒಂದೇ ನಕ್ಷೆಯ ಮನೆಗಳು, ಎರಡು ಇಟ್ಟಿಗೆಯವು, ಎರಡು ಹೆಂಪ್‌ನವು. ಬಾಡಿಗೆದಾರರು ಬಂದು ವಾಸ ಮಾಡಿದ ಮೇಲೆ ಅಲ್ಲಿನ ಕಟ್ಟಡ ಸಂಶೋಧನಾ ಸಂಸ್ಥೆ ಅಳತೆ ತೆಗೆದುಕೊಂಡಿತು. ಅಷ್ಟೇ ಇಂಧನ ಉರಿಸಿದರೂ ಹೆಂಪ್ ಮನೆಗಳ ಒಳಗೆ ಒಂದೆರಡು ಡಿಗ್ರಿ ಬೆಚ್ಚಗಿತ್ತು. ಕಟ್ಟುವ ಖರ್ಚು ಇಟ್ಟಿಗೆ ಮನೆಗಿಂತ ಸುಮಾರು ಹತ್ತನೆಯ ಒಂದು ಪಾಲು ಹೆಚ್ಚಾಗಿತ್ತು. ನನಗೆ ಈ ಪ್ರಯೋಗ ಇಷ್ಟವಾಗುವುದು ಅದರ ಸಾಧಾರಣತೆಗಾಗಿ. ಅವು ಪತ್ರಿಕೆಯ ಮುಖಪುಟಕ್ಕೆಂದು ಕಟ್ಟಿದ ಮನೆಗಳಲ್ಲ, ಬಾಡಿಗೆ ಕೊಟ್ಟು ಬದುಕುವವರ ಮನೆಗಳು.

ಈಗ ನಿಮಗೆಲ್ಲ ಹೆಚ್ಚು ಬೇಕಾದ ದುರಸ್ತಿಯ ವಿಷಯ. ಫ್ರಾನ್ಸಿನ ಹಳ್ಳಿಗಳಲ್ಲಿ ಅರ್ಧ ಮೀಟರಿಗೂ ದಪ್ಪದ ಕಲ್ಲಿನ ಗೋಡೆಯ ಮನೆಗಳು ಸಾಕಷ್ಟಿವೆ. ಕಲ್ಲಿನ ನಡುವೆ ಮಣ್ಣಿನ ಇಲ್ಲವೇ ಸುಣ್ಣದ ಗಾರೆ. ಚಳಿಗಾಲದಲ್ಲಿ ಆ ಗೋಡೆಯ ಪಕ್ಕ ಕುಳಿತರೆ ಗೋಡೆಯೇ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಮೂವತ್ತು ಸೆಂಟಿಮೀಟರಿನ ಹೊಸ ಗೋಡೆಗೆ ಜಾಗವಿಲ್ಲ. ಒಳಗಿಂದ ಥರ್ಮಕೋಲ್ ಹಲಗೆ ಅಂಟಿಸಿದರೆ ನೆಲದಿಂದ ಏರುವ ತೇವ ಹಲಗೆಯ ಹಿಂದೆ ಸೇರಿ ತೊಲೆಯ ತುದಿಗಳನ್ನು ಕೊಳೆಸುತ್ತದೆ. ಅದಕ್ಕೆ ಅಲ್ಲಿನವರು ಕಂಡುಕೊಂಡದ್ದು ಹೆಂಪ್ ಬೆರೆಸಿದ ಸುಣ್ಣದ ಗಿಲಾವು. ಹಳೆಯ ಸಿಮೆಂಟ್ ಕೆತ್ತಿ ತೆಗೆದು, ಗೋಡೆಯನ್ನು ಒಣಗಲು ಬಿಟ್ಟು, ಮೊದಲು ಹಿಡಿತಕ್ಕಾಗಿ ಸುಣ್ಣದ ತೆಳು ಎರಚು, ಅದರ ಮೇಲೆ ಐದಾರು ಸೆಂಟಿಮೀಟರ್ ಹೆಂಪ್ ಗಿಲಾವನ್ನು ಎರಡು ಮೂರು ಪದರಗಳಲ್ಲಿ ಹಾಕುತ್ತಾರೆ. ಮನೆ ಪೂರ್ತಿ ಬೆಚ್ಚಗಾಗುವುದಿಲ್ಲ. ಗೋಡೆಯ ತಣ್ಣನೆಯ ಮೈ ಮಾತ್ರ ಹೋಗುತ್ತದೆ, ವಾಸ ಮಾಡುವವರಿಗೆ ಅದೇ ದೊಡ್ಡ ನೆಮ್ಮದಿ. ಸೊಟ್ಟಪಟ್ಟ ಕಲ್ಲಿನ ಮೈಗೆ ಇದು ಚೆನ್ನಾಗಿ ಹಿಡಿಯುತ್ತದೆ, ಕಿಟಕಿಯ ಅಂಚಿನಲ್ಲಿ ಬೇಕಾದಂತೆ ತೆಳುವಾಗಿಸಲೂ ಬಹುದು.

ಮಾಳಿಗೆಯಲ್ಲಿ ಬೇರೆ ವಸ್ತುಗಳಿವೆ. ಹೆಂಪ್ ನಾರನ್ನು ಉಣ್ಣೆಯ ಹಾಸಿನಂತೆ ಮಾಡಿ ಪಕಾಸಿಗಳ ನಡುವೆ ತುರುಕುತ್ತಾರೆ. ಅದರ ಶಾಖ ತಡೆ ಗಾಜಿನ ಉಣ್ಣೆಗೆ ಹತ್ತಿರ ಬರುತ್ತದೆ, ಚರ್ಮ ತುರಿಸುವುದಿಲ್ಲ. ಆದರೆ ಆಕಾರ ಹಿಡಿಯಲು ಅದರಲ್ಲಿ ಸಾಮಾನ್ಯವಾಗಿ ಸ್ವಲ್ಪ ಪಾಲಿಯೆಸ್ಟರ್ ಎಳೆ ಇರುತ್ತದೆ. ಮರದ ನೆಲದ ಅಡಿಗೆ ಒಣ ಚೂರನ್ನೇ ಹರಡುವುದೂ ಉಂಟು.

ತಂತ್ರಕ್ಕಿಂತ ನಾನು ಹೆಚ್ಚು ಮೆಚ್ಚಿದ್ದು ಫ್ರಾನ್ಸಿನವರ ನಿಯಮಗಳನ್ನು. ಅಲ್ಲಿ ಕಟ್ಟಡ ಕಟ್ಟಿದವರು ಹತ್ತು ವರ್ಷ ಹೊಣೆ ಹೊರಬೇಕು, ಅದಕ್ಕೆ ವಿಮೆ ಕಡ್ಡಾಯ. ಒಪ್ಪಿತ ವಿಧಾನವಲ್ಲದಿದ್ದರೆ ವಿಮಾ ಕಂಪನಿ ಸುಲಭವಾಗಿ ಮುಂದೆ ಬರುವುದಿಲ್ಲ. ಹಾಗಾಗಿ ರೈತರು, ಸುಣ್ಣ ತಯಾರಕರು, ಗಾರೆ ಕೆಲಸದವರು, ವಾಸ್ತುಶಿಲ್ಪಿಗಳು 1998ರಲ್ಲಿ ಒಂದು ಸಂಘವಾಗಿ ಸೇರಿ, ಗೋಡೆಗೆ, ಮಾಳಿಗೆಗೆ, ನೆಲಕ್ಕೆ, ಗಿಲಾವಿಗೆ ಬೇರೆ ಬೇರೆ ವೃತ್ತಿ ನಿಯಮಗಳನ್ನು ಬರೆದರು. ಅವು 2007ರಲ್ಲಿ ಹೊರಬಂದವು. ಅದರಲ್ಲಿ ಒಂದು ಜಾಣ ನಿಯಮವಿದೆ. ಹೆಂಪನ್ನು ಬೇರೆ, ಸುಣ್ಣವನ್ನು ಬೇರೆ ಪರೀಕ್ಷಿಸಿದರೆ ಸಾಲದು, ಇಂಥ ಹೆಂಪ್ ಇಂಥ ಸುಣ್ಣದ ಜೊತೆ ಎಂದು ಜೋಡಿಯಾಗಿ ಪರೀಕ್ಷೆಗೆ ಒಳಗಾಗಬೇಕು. ಒಂದು ಸುಣ್ಣದೊಂದಿಗೆ ಗಟ್ಟಿಯಾದ ಚೂರು ಇನ್ನೊಂದರಲ್ಲಿ ಪುಡಿಯಾಗುವುದನ್ನು ಅವರು ಕಂಡಿದ್ದರು. ಅಮೆರಿಕದಲ್ಲಿ 2018ರ ಕೃಷಿ ಕಾಯಿದೆ ಹೆಂಪ್ ಬೆಳೆಯನ್ನು ಬಿಡುಗಡೆ ಮಾಡಿತು. ಅಲ್ಲಿನ ಮಾದರಿ ವಸತಿ ಕಟ್ಟಡ ಸಂಹಿತೆಯ 2024ರ ಆವೃತ್ತಿಯಲ್ಲಿ ಹೆಂಪ್-ಸುಣ್ಣಕ್ಕೆ ಒಂದು ಅನುಬಂಧವೇ ಇದೆ.

ಪರಿಸರದ ಲೆಕ್ಕವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಮಾತು ನಡೆದಿದೆ. ಗಿಡ ಬೆಳೆಯುವಾಗ ಹೀರಿದ ಇಂಗಾಲ ಗೋಡೆಯಲ್ಲಿ ಉಳಿಯುವುದು ನಿಜ. ಆದರೆ ಸುಣ್ಣದ ಕಲ್ಲನ್ನು ಸುಟ್ಟಾಗ ಅದರ ತೂಕದ ನೂರಕ್ಕೆ 44 ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಗೂಡಿಗೆ ಹಾಕಿದ ಇಂಧನದ ಹೊಗೆ ಬೇರೆ. ಗೋಡೆ ಗಟ್ಟಿಯಾಗುತ್ತಾ ಸುಣ್ಣ ಅದರಲ್ಲಿ ಒಂದಷ್ಟನ್ನು ವರ್ಷಗಟ್ಟಲೆ ನಿಧಾನವಾಗಿ ವಾಪಸು ಹೀರುತ್ತದೆ. ಎಲ್ಲ ಕೂಡಿ ಕಳೆದರೆ ಫ್ರಾನ್ಸಿನಲ್ಲಿ ಹೆಂಪ್ ಪರವಾಗಿ ಉಳಿತಾಯವೇ ಬರುತ್ತದೆ, ಹೊಲವೂ ಕಾರ್ಖಾನೆಯೂ ಮನೆಯೂ ಅಕ್ಕಪಕ್ಕದಲ್ಲಿರುವುದರಿಂದ. ದೂರದಿಂದ ಲಾರಿಯಲ್ಲಿ ತರಿಸಿದರೆ ಅದೇ ಲೆಕ್ಕ ಕೂಡಿಬರುತ್ತದೆ ಎಂದುಕೊಳ್ಳಬೇಡಿ.

ಇನ್ನು ನಮ್ಮ ದೇಶ. ‘ಎಲ್ಲೋರಾದಲ್ಲಿ 1,500 ವರ್ಷಗಳ ಹಿಂದೆಯೇ ಹೆಂಪ್ ಮನೆ ಇತ್ತು’ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಮನೆ ಇರಲಿಲ್ಲ, ಗಿಲಾವು ಇತ್ತು. ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿದ್ದ ರಾಜದೇವ್ ಸಿಂಗ್ ಮತ್ತು ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಂ. ಎಂ. ಸರ್ದೇಸಾಯಿ ಅವರು ಎಲ್ಲೋರಾದ ಗುಹೆಯ ಮಣ್ಣಿನ ಗಿಲಾವಿನಲ್ಲಿ ಹೆಂಪ್ ದಂಟಿನ ಚೂರುಗಳನ್ನು ಗುರುತಿಸಿದರು. ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2016ರಲ್ಲಿ ಅದು ಪ್ರಕಟವಾಯಿತು. ಕನ್ನಡಿಗರಿಗೆ ಎಲ್ಲೋರಾ ಎಂದರೆ ರಾಷ್ಟ್ರಕೂಟ ಕೃಷ್ಣನ ಕೈಲಾಸನಾಥ. ಆದರೆ ಅವರು ಅಧ್ಯಯನ ಮಾಡಿದ್ದು ಬೌದ್ಧರ 12ನೆಯ ಗುಹೆಯ ಗಿಲಾವನ್ನು. ಹತ್ತಿರದ ಅಜಂತಾದ ಗಿಲಾವಿನಲ್ಲಿ ಹೆಂಪ್ ಇಲ್ಲ, ಅಲ್ಲಿನ ಚಿತ್ರಗಳಿಗೆ ಹುಳುಗಳು ಮಾಡಿದ ಹಾನಿ ದೊಡ್ಡದು. ಎಲ್ಲೋರಾದಲ್ಲಿ ಆ ಕಾಟ ಕಾಣುವುದಿಲ್ಲ ಎಂಬುದು ಅವರ ವಾದ. ದೇವಗಿರಿ ಕೋಟೆಯ ಗಿಲಾವಿನಲ್ಲಿಯೂ ಹೆಂಪ್ ಸಿಕ್ಕಿದೆ. ನನ್ನ ಮಟ್ಟಿಗೆ ಇದರಲ್ಲಿ ದೊಡ್ಡ ಸಂಗತಿ ಹೆಮ್ಮೆಯದಲ್ಲ. ಆ ಕಾಲದ ಕುಶಲಕರ್ಮಿ ತನ್ನ ಸುತ್ತ ಏನು ಬೆಳೆಯುತ್ತಿತ್ತೋ ಅದನ್ನು ಗಿಲಾವಿಗೆ ಬೆರೆಸಿದ, ದೂರದಿಂದ ತರಿಸಲಿಲ್ಲ.

ಈಗ ಅದು ಬೆಳೆಯುವುದು ಹಿಮಾಲಯದ ತಪ್ಪಲಿನಲ್ಲಿ. ಗಢವಾಲ, ಕುಮಾವೂಂನ ಜನ ತಲೆತಲಾಂತರದಿಂದ ಅದರ ನಾರಿನಿಂದ ಹಗ್ಗ ಹೊಸೆಯುತ್ತಿದ್ದಾರೆ, ಬೀಜ ಅರೆದು ಚಟ್ನಿ ಮಾಡುತ್ತಿದ್ದಾರೆ. ಉತ್ತರಾಖಂಡ ಸರ್ಕಾರ 2018ರಲ್ಲಿ ಕೈಗಾರಿಕಾ ಹೆಂಪ್ ಬೇಸಾಯಕ್ಕೆ ಪರವಾನಗಿ ಕೊಡಲು ಶುರುಮಾಡಿತು, ಹಾಗೆ ಮಾಡಿದ ಮೊದಲ ರಾಜ್ಯ ಅದು. ಪೌಡಿ ಗಢವಾಲ ಜಿಲ್ಲೆಯ ಯಮಕೇಶ್ವರದಲ್ಲಿ ವಾಸ್ತುಶಿಲ್ಪಿ ದಂಪತಿ ಹೆಂಪ್ ಮತ್ತು ಸುಣ್ಣ ಬಳಸಿ ವಸತಿ ಕಟ್ಟಡವೊಂದನ್ನು ಕಟ್ಟಿದ್ದಾರೆ. ಅಲ್ಲಿ ಅದು ಅರ್ಥಪೂರ್ಣ. ಗಿಡ ಅಲ್ಲಿಯದು, ಚಳಿ ಅಲ್ಲಿಯದು, ದುಡಿಯುವ ಕೈಗಳೂ ಅಲ್ಲಿಯವೇ.

ಕರ್ನಾಟಕಕ್ಕೆ ತರಿಸಿಕೊಳ್ಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಚೂರು ಬಹಳ ಹಗುರ, ಮೂವತ್ತು ಘನ ಮೀಟರ್ ಹಿಡಿಯುವ ಲಾರಿಯಲ್ಲಿ ಮೂರು ಟನ್ನಿಗಿಂತ ಹೆಚ್ಚು ತುಂಬುವುದಿಲ್ಲ. ಅದರಿಂದ ಮೂವತ್ತು ಸೆಂಟಿಮೀಟರ್ ದಪ್ಪದ ಸುಮಾರು ನೂರು ಚದರ ಮೀಟರ್ ಗೋಡೆಯಾಗುತ್ತದೆ, ಅಂದರೆ ಒಂದು ಸಣ್ಣ ಮನೆ. ಎರಡು ಸಾವಿರ ಕಿಲೋಮೀಟರಿಗೂ ದೂರದಿಂದ ಬಹುಪಾಲು ಗಾಳಿಯನ್ನೇ ಹೊತ್ತು ಬರುವ ಲಾರಿ ಅದು. ಬೆಂಗಳೂರು ಮೈಸೂರಿನ ಹವೆಯಲ್ಲಿ ಮನೆ ಬಿಸಿಯಾಗುವುದು ಗೋಡೆಗಿಂತ ಹೆಚ್ಚಾಗಿ ತಾರಸಿಯಿಂದ. ಆ ಹಣವನ್ನು ಮೊದಲು ತಾರಸಿಯ ಮೇಲೆ ಖರ್ಚು ಮಾಡಿ ಎಂದು ನಾನು ಹೇಳುತ್ತೇನೆ.

ಇನ್ನು ಸಭಿಕರ ಪ್ರಶ್ನೆಗಳು.

ನಿವೃತ್ತ ಅಧ್ಯಾಪಕರೊಬ್ಬರು ಕೇಳಿದ್ದು ಕಾನೂನಿನ ಬಗ್ಗೆ: ನಮ್ಮ ತೋಟದ ಮೂಲೆಯಲ್ಲಿ ನಾಲ್ಕು ಸಾಲು ಬೆಳೆದರೆ? ಖಂಡಿತ ಬೇಡ, ಸರ್. 1985ರ ಮಾದಕ ವಸ್ತು ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಈ ಗಿಡ ಬೆಳೆಯುವುದು ಅಪರಾಧ. ನಾರಿಗೋ ಬೀಜಕ್ಕೋ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಎಂದು ಅದೇ ಕಾಯಿದೆಯ 14ನೆಯ ಕಲಮು ಹೇಳುತ್ತದೆ, ಉತ್ತರಾಖಂಡ ಬಳಸಿಕೊಂಡದ್ದು ಅದನ್ನೇ. ಆದರೆ ಆ ಆದೇಶ ಮೊದಲು ಬರಬೇಕು, ಬಿತ್ತನೆ ಆಮೇಲೆ. ‘ನಾನು ಬೆಳೆದದ್ದು ದಂಟಿಗಾಗಿ’ ಎಂಬ ಸಮಜಾಯಿಷಿ ಠಾಣೆಯಲ್ಲಿ ನಡೆಯುವುದಿಲ್ಲ.

ಶಿವಮೊಗ್ಗದ ಕಡೆಯ ಮಹಿಳೆಯೊಬ್ಬರು ಗೆದ್ದಲಿನ ಬಗ್ಗೆ ಕೇಳಿದರು. ಸುಣ್ಣದ ಕ್ಷಾರ ಗೆದ್ದಲಿಗೆ ಹಿಡಿಸುವುದಿಲ್ಲ ಎಂಬ ಮಾತಿದೆ, ಅದನ್ನು ನಂಬಿ ಮರದ ಚೌಕಟ್ಟನ್ನು ಹಾಗೇ ಬಿಡಬೇಡಿ. ಗೆದ್ದಲು ಹುಡುಕುವುದು ಮರವನ್ನು. ಪಾಯವನ್ನು ನೆಲದಿಂದ ಎತ್ತರಿಸಿ, ಕಲ್ಲಿನ ಪಟ್ಟಿಯ ಮೇಲೆ ಚೌಕಟ್ಟು ಕೂರಿಸಿ, ಗೆದ್ದಲಿನ ಮಣ್ಣಿನ ದಾರಿ ಕಣ್ಣಿಗೆ ಬೀಳುವಂತೆ ಗೋಡೆಯ ಬುಡವನ್ನು ತೆರೆದಿಡಬೇಕು. ಮಲೆನಾಡಿನ ಮಳೆಗೆ ಸೂರು ಗೋಡೆಯಿಂದ ಚೆನ್ನಾಗಿ ಮುಂದಕ್ಕೆ ಚಾಚಿರಲೇಬೇಕು. ನಿಮ್ಮ ಹಳೆಯ ಮನೆಗಳಲ್ಲಿ ಇದೆಲ್ಲ ಇದೆ, ಹೊಸ ಮನೆಗಳಲ್ಲಿ ಬಿಟ್ಟುಹೋಗಿದೆ.

ಬೆಂಕಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಪ್ರತಿ ಚೂರಿಗೂ ಸುಣ್ಣದ ಹೊದಿಕೆ ಇರುವುದರಿಂದ ಗೋಡೆ ಹತ್ತಿ ಉರಿಯುವುದಿಲ್ಲ, ಮೇಲ್ಮೈ ಕರಕಲಾಗುತ್ತದೆ. ಕಲಸುವ ಮೊದಲಿನ ಒಣ ಚೂರಿನ ರಾಶಿ ಮಾತ್ರ ಹುಲ್ಲಿನ ಬಣವೆಯಷ್ಟೇ ಅಪಾಯಕಾರಿ. ಅದರ ಹತ್ತಿರ ಬೀಡಿ ಸೇದುವವರನ್ನು ಬಿಡಬೇಡಿ.

ಕೊನೆಯದು ಯುವಕರೊಬ್ಬರ ಪ್ರಶ್ನೆ. ಊರಿನಲ್ಲಿ ಅಜ್ಜನ ಕಾಲದ ಮಣ್ಣಿನ ಗೋಡೆಯ ಮನೆಯಿದೆ, ಹತ್ತು ವರ್ಷದ ಹಿಂದೆ ಸಿಮೆಂಟ್ ಗಿಲಾವು ಮಾಡಿಸಿದ್ದಾರೆ, ಈಗ ಮೊಣಕಾಲಿನ ಎತ್ತರದವರೆಗೆ ತೇವ ಏರಿ ಬಣ್ಣ ಉದುರುತ್ತಿದೆ, ಹೆಂಪ್ ಗಿಲಾವು ಹಾಕಿಸಬಹುದೇ ಎಂದು ಕೇಳಿದರು. ಹಾಕಿಸಬಹುದು, ಆದರೆ ಅದು ನಾಲ್ಕನೆಯ ಕೆಲಸ. ಮೊದಲು ಮನೆಯ ಸುತ್ತ ಮಳೆನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಿ. ಅಂಗಳಕ್ಕೆ ಗೋಡೆಗೆ ಅಂಟಿದಂತೆ ಕಾಂಕ್ರೀಟ್ ಹಾಸಿದ್ದರೆ ಒಂದು ಅಡಿ ಅಗಲದ ಪಟ್ಟಿಯನ್ನು ಒಡೆದು ಜಲ್ಲಿ ತುಂಬಿ. ಎರಡನೆಯದಾಗಿ ಸಿಮೆಂಟ್ ಗಿಲಾವನ್ನು ಒಳಗೂ ಹೊರಗೂ ಕೆತ್ತಿ ತೆಗೆಯಿರಿ, ತೇವ ಕಾಣುವ ಎತ್ತರಕ್ಕಿಂತ ಎರಡು ಅಡಿ ಮೇಲಿನವರೆಗಾದರೂ. ಸುತ್ತಿಗೆ ಮೆಲ್ಲಗಿರಲಿ, ಗಿಲಾವಿನ ಜೊತೆ ಮಣ್ಣೂ ಕಿತ್ತು ಬರುತ್ತದೆ. ಮೂರನೆಯದಾಗಿ ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲಿ ಬಿಡಿ. ನೆಂಟರು ನೋಡಿ ಏನೆಂದರೂ ಸರಿ. ಆಮೇಲೆ ಕಿತ್ತುಹೋದ ಕಡೆ ಮಣ್ಣಿನಿಂದಲೇ ತೇಪೆ ಹಾಕಿ ಸುಣ್ಣದ ಗಿಲಾವು ಮಾಡಿಸಿ. ಹೆಂಪ್ ಚೂರು ಕೈಗೆಟುಕಿದರೆ ಅದರಲ್ಲಿ ಬೆರೆಸಿ. ಸಿಗದಿದ್ದರೆ ಕಾಯಬೇಡಿ, ಬರಿಯ ಸುಣ್ಣದ ಗಿಲಾವು ನಿಮ್ಮ ಗೋಡೆಯ ತೇವಕ್ಕೆ ಸಾಕು.